ವಿಂಡೋಸ್ 11 ಹಾಕಿದ ಮೇಲೆ ಸ್ಕ್ರೀನ್ ದಪ್ಪ ಆಯ್ತಾ? ಫಾರ್ಮ್ಯಾಟ್ ಮಾಡ್ಸೋಕೆ ಮುಂಚೆ ಇಷ್ಟು ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಅದಾದ ಮೇಲೆ ನಮ್ಮ ದಾವಣಗೆರೆಯಲ್ಲಿ ಮಂಡಿಪೇಟೆಯ ಲೆಕ್ಕದ ಅಂಗಡಿಗಳಿಂದ ಹಿಡಿದು ಮದುವೆ ಕಾರ್ಡು ಮಾಡುವ ಡಿಟಿಪಿ ಸೆಂಟರ್‌ವರೆಗೆ ಎಲ್ಲರೂ ವಿಂಡೋಸ್ 11 ಹಾಕಿಸುತ್ತಿದ್ದಾರೆ. ಕಂಪ್ಯೂಟರ್ ಸರ್ವಿಸ್ ಮಾಡುವ ನಮ್ಮಂಥವರಿಗೆ ಮರುದಿನವೇ ಫೋನು. "ಅಣ್ಣಾ, ಅಕ್ಷರ ಎಲ್ಲಾ ದಪ್ಪ ಆಗ್ಬಿಟ್ಟಾವ್ರಿ. ಮಾನಿಟರ್ ಹೋಯ್ತೇನು?"

ಮಾನಿಟರ್ ಹೋಗಿರುವುದಿಲ್ಲ. ನಿನ್ನೆ ಸಂಜೆವರೆಗೆ ಚೆನ್ನಾಗಿದ್ದ ಮಾನಿಟರ್ ಅಪ್‌ಗ್ರೇಡ್ ಆದ ಬೆಳಿಗ್ಗೆಯೇ ಕೈಕೊಡುವುದು ತೀರಾ ಅಪರೂಪ. ಸ್ಕ್ರೀನ್‌ಗೆ ಚಿತ್ರ ಕಳಿಸುವ ಡ್ರೈವರ್ ಎಂಬ ಚಿಕ್ಕ ಸಾಫ್ಟ್‌ವೇರ್ ಹೊಸ ವಿಂಡೋಸ್ ಜೊತೆ ಹೊಂದಿಕೊಂಡಿಲ್ಲ, ಅಥವಾ ಮಾನಿಟರ್ ಯಾವುದು ಅಂತ ಕಂಪ್ಯೂಟರ್‌ಗೆ ಗೊತ್ತಾಗಿಲ್ಲ, ಅಥವಾ ಸುಮ್ನೆ ಸ್ಕೇಲ್, ಅಂದರೆ ಅಕ್ಷರದ ಗಾತ್ರದ ಸೆಟ್ಟಿಂಗ್, ಬದಲಾಗಿದೆ. ಇದು ಮೂರರಲ್ಲಿ ಯಾವುದು ಅಂತ ಮೊದಲು ತಿಳಿದುಕೊಳ್ಳಬೇಕು. ತಿಳಿಯದೆ ರೆಸಲ್ಯೂಶನ್ (ಸ್ಕ್ರೀನ್‌ನಲ್ಲಿ ಅಡ್ಡ ಎಷ್ಟು, ಉದ್ದ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಪಟ್ಟಿಯಲ್ಲಿ ಮೇಲೆ ಕೆಳಗೆ ಮಾಡುತ್ತಾ ಕೂತರೆ ಸಂಜೆಯಾದರೂ ಸರಿಹೋಗುವುದಿಲ್ಲ.

ಶುರು ಮಾಡುವ ಮುಂಚೆ

ಒಂದು ಸಲ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಅಂತಲೇ ಒತ್ತಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಇರುತ್ತದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು, ಮತ್ತೆ ಆನ್ ಮಾಡಿದಾಗ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲಾ ಹೊಸದಾಗಿ ಶುರುವಾಗುತ್ತದೆ.

ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ವಾಪಸ್ ಬರುತ್ತದೆ, ಬೀಪ್ ಶಬ್ದವೂ ಕೇಳಬಹುದು. ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಶುರು ಮಾಡುವ ಶಾರ್ಟ್‌ಕಟ್ ಇದು. ತೆರೆದಿರುವ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ಅಪ್‌ಗ್ರೇಡ್ ಮುಗಿದ ಮೇಲೂ ವಿಂಡೋಸ್ ಹಿಂದಿನಿಂದ ಡ್ರೈವರ್ ಇಳಿಸಿಕೊಳ್ಳುತ್ತಾ ಇರುತ್ತದೆ. ಅರ್ಧ ಗಂಟೆ ನೆಟ್ ಕೊಟ್ಟು ಬಿಟ್ಟುಬಿಡಿ. ಎಷ್ಟೋ ಕಡೆ ಅಷ್ಟಕ್ಕೇ ಸರಿಹೋಗುತ್ತದೆ. ಆದರೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೆಟ್ ಕೊಟ್ಟು, ಡೇಟಾ ಉಳಿಸೋಕೆ ಅಂತ ಮೀಟರ್ಡ್ ಕನೆಕ್ಷನ್ ಆನ್ ಮಾಡಿಟ್ಟಿದ್ದರೆ ಡ್ರೈವರ್ ಇಳಿಯದೇ ಇರಬಹುದು. ವೈಫೈ ಪ್ರಾಪರ್ಟೀಸ್‌ನಲ್ಲಿ ಅದನ್ನು ಆಫ್ ಮಾಡಿ, ವಿಂಡೋಸ್ ಅಪ್‌ಡೇಟ್ ತೆರೆದು ಒಂದು ಸಲ ಚೆಕ್ ಕೊಡಿ.

ಮೊದಲು ಹೆಸರು ನೋಡಿ

ಸ್ಟಾರ್ಟ್, ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಇಲ್ಲಿ ನಿಮ್ಮ ಮಾನಿಟರ್ ಯಾವ ಗ್ರಾಫಿಕ್ಸ್‌ಗೆ (ಚಿತ್ರ ಕಳಿಸುವ ಚಿಪ್ ಅಥವಾ ಕಾರ್ಡಿಗೆ) ಕನೆಕ್ಟ್ ಆಗಿದೆ ಅಂತ ಹೆಸರು ಇರುತ್ತದೆ. ಕೆಳಗೆ ಡೆಸ್ಕ್‌ಟಾಪ್ ಮೋಡ್, ಅದರ ಮುಂದೆ ಎರಡು ಅಂಕಿ, ಅದೇ ಈಗಿನ ರೆಸಲ್ಯೂಶನ್. ಈ ಪುಟವನ್ನು ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಮುಂದೆ ಏನೇ ಮಾಡಿದರೂ ಇದು ಬೇಕಾಗುತ್ತದೆ.

ಹೆಸರಿನ ಜಾಗದಲ್ಲಿ "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತ ಇದ್ದರೆ ವಿಷಯ ಅಲ್ಲಿಗೇ ಮುಗಿಯಿತು, ನಿಮಗೆ ಡ್ರೈವರ್ ಇಲ್ಲ. ಇದು ವಿಂಡೋಸ್ ತಾನೇ ಇಟ್ಟುಕೊಂಡಿರುವ ಬದಲಿ ಡ್ರೈವರ್. ಏನೂ ಕಾಣದೇ ಇರುವುದಕ್ಕಿಂತ ಏನೋ ಒಂದು ಕಾಣಲಿ ಅಂತ ಇಟ್ಟಿರುವುದು. ಸಾಮಾನ್ಯವಾಗಿ 1024×768ರಲ್ಲಿ ನಿಂತುಬಿಡುತ್ತದೆ, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದು) ಜಾಗದಲ್ಲಿ 64 ಅಂತ ವಿಚಿತ್ರ ಅಂಕಿ ಕಾಣಬಹುದು. ಲ್ಯಾಪ್‌ಟಾಪ್ ಆದರೆ ಬ್ರೈಟ್‌ನೆಸ್ ಕೂಡ ಬದಲಾಗುವುದಿಲ್ಲ. ವಿಡಿಯೋ ತಡವರಿಸುತ್ತದೆ. ಎರಡನೇ ಮಾನಿಟರ್ ಸತ್ತಂತೆ ಇರುತ್ತದೆ.

ಹೆಸರು ಸರಿಯಾಗಿ ಇಂಟೆಲ್, ಎನ್ವಿಡಿಯಾ ಅಥವಾ ಎಎಂಡಿ ಅಂತ ಇದೆ, ಆದರೆ ನಿಮ್ಮ ಮಾನಿಟರ್‌ನ ಸರಿಯಾದ ರೆಸಲ್ಯೂಶನ್ ಪಟ್ಟಿಯಲ್ಲೇ ಇಲ್ಲ ಅಂದರೆ, ಅನುಮಾನ ಕೇಬಲ್ ಮೇಲೆ. ಹೆಸರೂ ಸರಿ, ರೆಸಲ್ಯೂಶನ್ನೂ ಸರಿ, ಆದರೂ ಎಲ್ಲಾ ದೊಡ್ಡದು ಅಥವಾ ಮಸುಕು ಅಂದರೆ ಸ್ಕೇಲ್ ನೋಡಬೇಕು.

ಸರಿಯಾದ ರೆಸಲ್ಯೂಶನ್ ಯಾವುದು ಅಂತ ಗೊತ್ತಿಲ್ಲವಾ? ಮಾನಿಟರ್ ಹಿಂದಿನ ಸ್ಟಿಕರ್‌ನಲ್ಲಿ ಮಾಡೆಲ್ ನಂಬರ್ ಇರುತ್ತದೆ, ಹುಡುಕಿದರೆ ಸಿಗುತ್ತದೆ. ನಮ್ಮ ಕಡೆ ಆಫೀಸುಗಳಲ್ಲಿ ಜಾಸ್ತಿ ಕಾಣುವ 18.5 ಇಂಚಿನದು ಸಾಮಾನ್ಯವಾಗಿ 1366×768. ಹಳೆಯ ಚೌಕದ 19 ಇಂಚು 1280×1024. 20 ಇಂಚಿನವು ಬಹಳಷ್ಟು 1600×900. 21.5 ಇಂಚು, 24 ಇಂಚು ಆದರೆ ಸಾಮಾನ್ಯವಾಗಿ 1920×1080. ಎಲ್‌ಸಿಡಿ, ಎಲ್‌ಇಡಿ ಪರದೆಯಲ್ಲಿ ಚುಕ್ಕಿಗಳ ಲೆಕ್ಕ ಕಾರ್ಖಾನೆಯಲ್ಲೇ ಗಟ್ಟಿಯಾಗಿರುತ್ತದೆ. ಅದಕ್ಕೆ ಹೊಂದದ ರೆಸಲ್ಯೂಶನ್ ಕೊಟ್ಟರೆ ಒಂದು ಚುಕ್ಕಿಯನ್ನು ಒಂದೂಕಾಲು ಚುಕ್ಕಿ ಮಾಡಿ ಹಿಗ್ಗಿಸಬೇಕಾಗುತ್ತದೆ, ಅಕ್ಷರ ಮಸುಕಾಗುವುದು ಅದಕ್ಕೇ.

ಕನ್ನಡದಲ್ಲಿ ಇದು ಇಂಗ್ಲಿಷ್‌ಗಿಂತ ಬೇಗ ಗೊತ್ತಾಗುತ್ತದೆ. ನೋಟ್‌ಪ್ಯಾಡ್ ತೆರೆದು "ಸ್ವಾತಂತ್ರ್ಯ", "ರಾಷ್ಟ್ರ" ಅಂತ ಮಾಮೂಲಿ ಸೈಜಿನಲ್ಲಿ ಟೈಪ್ ಮಾಡಿ. ಕೆಳಗಿನ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಸ್ಕ್ರೀನ್ ಸರಿ ಇದೆ. ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಕಲೆಯಂತೆ ಕಂಡರೆ ಇಲ್ಲ.

ಡಿಟಿಪಿ, ಫ್ಲೆಕ್ಸ್ ಡಿಸೈನ್ ಮಾಡುವವರು ಇನ್ನೊಂದು ಪರೀಕ್ಷೆ ಮಾಡಿ. ಪೇಂಟ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ಓವಲ್ ಎಳೆದರೆ ಸರಿಯಾದ ವೃತ್ತ ಬರುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಸ್ಕ್ರೀನ್ ಮೇಲೇ ಇಟ್ಟು ಅಡ್ಡ, ಉದ್ದ ಎರಡೂ ಅಳೆಯಿರಿ. ಅಡ್ಡ ಜಾಸ್ತಿ ಬಂದರೆ ಚಿತ್ರ ಎಳೆದುಕೊಂಡಿದೆ. ಇದನ್ನು ನೋಡದೆ ಲೋಗೋವನ್ನು ಕಣ್ಣಂದಾಜಿನಲ್ಲಿ ಸರಿಮಾಡಿ ಪ್ರಿಂಟಿಗೆ ಕಳಿಸಿದರೆ ಫ್ಲೆಕ್ಸ್‌ನಲ್ಲಿ ಅದು ಉದ್ದುದ್ದ ಬರುತ್ತದೆ. ಗಿರಾಕಿ ಸುಮ್ಮನಿರ್ತಾನಾ?

ಡ್ರೈವರ್ ಇಲ್ಲ ಅಂತಾದರೆ

ಹೆಚ್ಚಿನ ಜನರ ಸಮಸ್ಯೆ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಬಿಡಿಸಿ. ಅಲ್ಲಿರುವ ಹೆಸರಿನ ಮೇಲೆ ಡಬಲ್ ಕ್ಲಿಕ್, ಡೀಟೇಲ್ಸ್ ಟ್ಯಾಬ್, ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ಉದ್ದದ ಸಾಲಿನಲ್ಲಿ ವೆಂಡರ್ ನಂಬರ್ ಇರುತ್ತದೆ. 8086 ಇದ್ದರೆ ಇಂಟೆಲ್. 1002 ಎಎಂಡಿ. 10 ಆದ ಮೇಲೆ ಡಿ, ಇ ಅಕ್ಷರ ಬಂದರೆ ಎನ್ವಿಡಿಯಾ. ವಿಂಡೋಸ್‌ಗೆ ಕಾರ್ಡಿನ ಹೆಸರು ಗೊತ್ತಿಲ್ಲದಿದ್ದರೂ ಈ ನಂಬರ್ ಸುಳ್ಳು ಹೇಳುವುದಿಲ್ಲ.

ಈಗ ಮೊದಲ ಪ್ರಯತ್ನ ವಿಂಡೋಸ್ ಅಪ್‌ಡೇಟ್‌ನಲ್ಲೇ. ಅದರ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಆಪ್ಷನಲ್ ಅಪ್‌ಡೇಟ್ಸ್ ಅಂತ ಇದೆ, ಅದರಲ್ಲಿ ಡ್ರೈವರ್ ಅಪ್‌ಡೇಟ್ಸ್. ಬಹಳ ಜನ ಇದನ್ನು ತೆರೆಯುವುದೇ ಇಲ್ಲ. ಗ್ರಾಫಿಕ್ಸ್ ಹೆಸರಿನದು ಏನಾದರೂ ಕಂಡರೆ ಟಿಕ್ ಮಾಡಿ ಹಾಕಿ, ರೀಸ್ಟಾರ್ಟ್ ಮಾಡಿ.

ಅಲ್ಲಿ ಸಿಗಲಿಲ್ಲವಾ? ಲ್ಯಾಪ್‌ಟಾಪ್ ಆದರೆ ಅದನ್ನು ಮಾಡಿದ ಕಂಪನಿಯ ಸೈಟಿಗೇ ಮೊದಲು ಹೋಗಿ, ತಳದಲ್ಲಿರುವ ಮಾಡೆಲ್ ಅಥವಾ ಸೀರಿಯಲ್ ನಂಬರ್ ಹಾಕಿ ಡ್ರೈವರ್ ತೆಗೆದುಕೊಳ್ಳಿ. ಜೋಡಿಸಿದ ಡೆಸ್ಕ್‌ಟಾಪ್ ಆದರೆ ನೇರವಾಗಿ ಇಂಟೆಲ್, ಎಎಂಡಿ, ಎನ್ವಿಡಿಯಾ ಸೈಟು. ಇಂಟೆಲ್‌ನದಕ್ಕೆ ಪ್ರೊಸೆಸರ್ ಯಾವ ಜನರೇಷನ್ ಅಂತ ಗೊತ್ತಿರಬೇಕು. ಐ5-4570 ಅಂದರೆ 4ನೇ ಜನರೇಷನ್. ಐ5-10400 ಅಂದರೆ 10ನೆಯದು. ಡೆಸ್ಕ್‌ಟಾಪ್‌ನಲ್ಲಿ ಗೆರೆಯ ಮುಂದೆ ನಾಲ್ಕು ಅಂಕಿ ಇದ್ದರೆ ಮೊದಲನೆಯದು, ಐದು ಇದ್ದರೆ ಮೊದಲ ಎರಡು ನೋಡಿದರೆ ಸಾಕು.

ಇಲ್ಲೇ ಒಂದು ಕಹಿ ಮಾತು ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ವಿಂಡೋಸ್ 11ಕ್ಕೆ ಇಂಟೆಲ್ ಬಹುತೇಕ 8ನೇ ಜನರೇಷನ್‌ನಿಂದ ಮೇಲಿನದು ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು. ಆದರೆ ಊರಲ್ಲಿ 3ನೇ, 4ನೇ ಜನರೇಷನ್ ಮಿಷಿನ್‌ಗೂ ಚೆಕ್ ತಪ್ಪಿಸಿ ವಿಂಡೋಸ್ 11 ಹಾಕಿಕೊಡುತ್ತಾರೆ. ವಿಂಡೋಸ್ ಏನೋ ಓಡುತ್ತದೆ, ಆದರೆ ಆ ಕಾಲದ ಇಂಟೆಲ್ ಗ್ರಾಫಿಕ್ಸ್‌ಗೆ ವಿಂಡೋಸ್ 11 ಅಂತ ಹೆಸರಿಟ್ಟ ಡ್ರೈವರ್ ಇಂಟೆಲ್ ಬರೆದಿಲ್ಲ. 4ನೇ ಜನರೇಷನ್‌ಗಾದರೆ ವಿಂಡೋಸ್ 10ರ 64 ಬಿಟ್ ಡ್ರೈವರೇ ಬಹಳ ಕಡೆ ಕೆಲಸ ಮಾಡುತ್ತದೆ, ಅದನ್ನು ಹಾಕಿ ನೋಡಿ. ಅದಕ್ಕೂ ಹಳೆಯದಕ್ಕೆ ಗ್ಯಾರಂಟಿ ಹೇಳೋಕಾಗಲ್ಲ.

ಎನ್ವಿಡಿಯಾ ಕಾರ್ಡು ಇದ್ದವರಿಗೂ ಇದೇ ಕಥೆ. ಸೈಟಿನಲ್ಲಿ ಮೇಲೆ ಕಾಣುವ ಹೊಸ ಡ್ರೈವರನ್ನೇ ಇಳಿಸಿ ಹಾಕಿದರೆ ಹಳೆ ಕಾರ್ಡಿಗೆ ಹೊಂದುವುದಿಲ್ಲ. ಎನ್ವಿಡಿಯಾ ತನ್ನ ಕಾರ್ಡುಗಳ ತಲೆಮಾರಿಗೆ ಫರ್ಮಿ, ಕೆಪ್ಲರ್ ಅಂತ ಹೆಸರಿಟ್ಟಿದೆ. ಜಿಟಿ 610ರಂಥ ಫರ್ಮಿ ಕಾಲದ ಕಾರ್ಡುಗಳಿಗೆ 391.35 ಕೊನೆಯ ಡ್ರೈವರ್. ಜಿಟಿ 710ರಂಥ ಕೆಪ್ಲರ್ ಕಾರ್ಡುಗಳಿಗೆ 470ರ ಸಾಲಿನದು ಬೇಕು. ಜಿಟಿ 730 ಇದ್ದರೆ ಜೋಪಾನ, ಅದೇ ಹೆಸರಿನಲ್ಲಿ ಎರಡೂ ಕಾಲದ ಕಾರ್ಡು ಮಾರಿದ್ದಾರೆ.

ಇನ್‌ಸ್ಟಾಲ್ ಮಾಡುವಾಗ "ಈ ಡ್ರೈವರ್ ನಿಮ್ಮ ಕಂಪ್ಯೂಟರ್‌ಗೆ ಪರೀಕ್ಷಿಸಿಲ್ಲ, ತಯಾರಕರಿಂದ ಪಡೆಯಿರಿ" ಎಂಬ ಅರ್ಥದ ಮೆಸೇಜ್ ಬಂದು ನಿಂತರೆ ಹೀಗೆ ಮಾಡಿ. ಡ್ರೈವರ್‌ನ ಜಿಪ್ ಫೈಲನ್ನು ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರಿಗೆ ಬಿಚ್ಚಿಕೊಳ್ಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಡ್ರೈವರ್, ಆಮೇಲೆ ಬ್ರೌಸ್ ಮೈ ಕಂಪ್ಯೂಟರ್, ಆಮೇಲೆ ಪಟ್ಟಿಯಿಂದ ನಾನೇ ಆರಿಸುತ್ತೇನೆ ಅನ್ನುವ ಆಯ್ಕೆ, ಕೊನೆಗೆ ಹ್ಯಾವ್ ಡಿಸ್ಕ್. ಬಿಚ್ಚಿದ ಫೋಲ್ಡರ್ ಒಳಗಿನ ಐಎನ್‌ಎಫ್ ಫೈಲ್ ತೋರಿಸಿ. ಸ್ಕ್ರೀನ್ ಎರಡು ಮೂರು ಸಲ ಕಪ್ಪಾಗಿ ಬರುತ್ತದೆ, ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ. ಯುಪಿಎಸ್ ಇಲ್ಲದ ಕಡೆ ಕರೆಂಟ್ ಹೋಗುವ ಹೊತ್ತು ಬಿಟ್ಟು ಈ ಕೆಲಸಕ್ಕೆ ಕೈಹಾಕಿ.

ಇದಕ್ಕೂ ಮುಂಚೆ, ಕೆಟ್ಟರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಂಡರೆ ಒಳ್ಳೆಯದು. ಸ್ಟಾರ್ಟ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ಒಂದೇ ಬಟನ್ನಿಗೆ ಎಲ್ಲಾ ಡ್ರೈವರ್ ಹಾಕಿಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಗ್ರಾಫಿಕ್ಸ್ ಒಂದನ್ನು ಸರಿಮಾಡಲು ಹೋಗಿ ಸೌಂಡು, ಲ್ಯಾನ್ ಎರಡನ್ನೂ ಕೆಡಿಸುತ್ತವೆ. ಜೊತೆಗೆ ಬ್ರೌಸರ್‌ಗೆ ಯಾವ್ಯಾವುದೋ ಸರ್ಚ್ ಬಾರ್ ಬಂದು ಕೂರುತ್ತದೆ.

ಡ್ರೈವರ್ ಹಾಕಿದ ಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಹೆಸರಿನ ಮೇಲಿನ ಹಳದಿ ತ್ರಿಕೋನ ಹೋಗದಿದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಕೋಡ್ ಓದಿ. ಕೋಡ್ 28 ಅಂದರೆ ಡ್ರೈವರ್ ಇನ್ನೂ ಕೂತೇ ಇಲ್ಲ. ಕೋಡ್ 43 ಅಂದರೆ ಕಾರ್ಡೇ ತೊಂದರೆ ಹೇಳಿದೆ ಅಂತ ವಿಂಡೋಸ್ ಅದನ್ನು ನಿಲ್ಲಿಸಿದೆ. ಹಳೆಯ ಮತ್ತು ಹೊಸ ಡ್ರೈವರ್ ಗೋಜಲಾಗಿದ್ದರೂ 43 ಬರಬಹುದು. ಆಗ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಫ್ಟ್‌ವೇರನ್ನು ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದಷ್ಟೇ ಡ್ರೈವರ್‌ನೊಂದಿಗೆ ವಿಂಡೋಸ್ ಶುರು ಮಾಡುವುದು, ದಾರಿ ಕೆಳಗೆ ಹೇಳಿದ್ದೇನೆ) ಓಡಿಸಿ, ಹಳೆಯದನ್ನೆಲ್ಲ ಒರೆಸಿ, ನೆಟ್ ತೆಗೆದಿಟ್ಟು, ಹೊಸದಾಗಿ ಹಾಕಬೇಕು. ನೆಟ್ ಯಾಕೆ ತೆಗೀಬೇಕು ಅಂದರೆ, ನೀವು ಹಾಕುವಷ್ಟರಲ್ಲಿ ವಿಂಡೋಸ್ ತನಗೆ ಬೇಕಾದ ಡ್ರೈವರ್ ತಂದು ಕೂರಿಸಿರುತ್ತದೆ.

ಹೆಸರು ಸರಿ ಇದೆ, ರೆಸಲ್ಯೂಶನ್ ಪಟ್ಟಿಯಲ್ಲಿಲ್ಲ

ಮಾನಿಟರ್ ಒಳಗೆ ಒಂದು ಚಿಕ್ಕ ಚಿಪ್ ಇರುತ್ತದೆ. ನಾನು ಇಂಥ ಕಂಪನಿಯವ, ನನ್ನ ಅಳತೆ ಇಷ್ಟು, ಈ ರೆಸಲ್ಯೂಶನ್ ತಡೆದುಕೊಳ್ಳುತ್ತೇನೆ ಅಂತ ಅದರಲ್ಲಿ ಬರೆದಿರುತ್ತದೆ. ಇದಕ್ಕೆ ಇಡಿಐಡಿ ಅನ್ನುತ್ತಾರೆ, ಮೂಲ ಭಾಗ ಬರೀ 128 ಬೈಟ್. ಕೇಬಲ್ ಹಾಕಿದ ಕೂಡಲೇ ಕಂಪ್ಯೂಟರ್ ಇದನ್ನು ಓದುತ್ತದೆ. ಓದಲಾಗದಿದ್ದರೆ ಮಾನಿಟರ್ ಹೆಸರಿನ ಜಾಗದಲ್ಲಿ "ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್" ಅಂತ ತೋರಿಸಿ, ಅಪಾಯವಿಲ್ಲದ ಸಣ್ಣ ರೆಸಲ್ಯೂಶನ್‌ಗಳನ್ನಷ್ಟೇ ಕೊಡುತ್ತದೆ.

ನೀಲಿ ತಲೆಯ ವಿಜಿಎ ಕೇಬಲ್‌ನಲ್ಲಿ ಈ ಮಾತುಕತೆ ನಡೆಯುವುದು 12 ಮತ್ತು 15ನೇ ಪಿನ್‌ನಲ್ಲಿ. ಕೇಬಲ್ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಮೂರು ಸಾಲು, ಸಾಲಿಗೆ ಐದು ಪಿನ್. ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಅದು 9ನೆಯದು, ಎಷ್ಟೋ ಕೇಬಲ್‌ನಲ್ಲಿ ಮೊದಲಿಂದಲೇ ಇರುವುದಿಲ್ಲ, ಮುರಿದಿದೆ ಅಂತ ತಿಳಿಯಬೇಡಿ. ಕೆಳಗಿನ ಸಾಲಿನಲ್ಲಿ ಯಾವುದಾದರೂ ಬಾಗಿದ್ದರೆ, ಕಾಣೆಯಾಗಿದ್ದರೆ ಕೇಬಲ್ ಬದಲಿಸಿ. ತೀರಾ ಅಗ್ಗದ ಕೇಬಲ್‌ನಲ್ಲಿ ಪಿನ್ ಇದ್ದರೂ ಒಳಗೆ ತಂತಿಯೇ ಎಳೆದಿರುವುದಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಸಣ್ಣ ಕನ್ವರ್ಟರ್ ಹಾಕಿದ್ದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಮಾನಿಟರ್‌ನಲ್ಲಿ ಎಚ್‌ಡಿಎಂಐ ತೂತು ಇದ್ದೂ ಇನ್ನೂ ವಿಜಿಎ ಬಳಸುತ್ತಿದ್ದರೆ, ಒಂದು ಎಚ್‌ಡಿಎಂಐ ಕೇಬಲ್ ತಂದು ಹಾಕಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

"ಹಾಗಾದ್ರೆ ಅಪ್‌ಗ್ರೇಡ್‌ಗೆ ಮುಂಚೆ ಇದೇ ಕೇಬಲ್‌ನಲ್ಲಿ ಹೆಂಗ್ ಬರ್ತಿತ್ತು?" ಅಂತ ಎಲ್ಲರೂ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಹಿಂದೆ ಯಾರೋ ಡ್ರೈವರ್ ಸಾಫ್ಟ್‌ವೇರ್‌ನಲ್ಲಿ ಕಸ್ಟಮ್ ರೆಸಲ್ಯೂಶನ್ ಅಂತ ಕೈಯಾರೆ ಬರೆದಿಟ್ಟಿರಬಹುದು. ಹೊಸ ಡ್ರೈವರ್ ಬಂದಾಗ ಅದು ಅಳಿಸಿಹೋಗಿ, ಮೊದಲಿಂದಲೂ ಇದ್ದ ಕೇಬಲ್ ಹುಳುಕು ಈಗ ಹೊರಬಿದ್ದಿರುತ್ತದೆ. ಈಗಲೂ ಹಾಗೆ ಬರೆಯಬಹುದು, ಇಂಟೆಲ್ ಮತ್ತು ಎನ್ವಿಡಿಯಾ ಕಂಟ್ರೋಲ್ ಸಾಫ್ಟ್‌ವೇರ್‌ಗಳಲ್ಲಿ ಆ ಸೌಲಭ್ಯ ಇದೆ. ರಿಫ್ರೆಶ್ ರೇಟ್ ಮಾತ್ರ 60 ದಾಟಿಸಬೇಡಿ.

1366×768 ಮಾನಿಟರ್ ಇರುವವರಿಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಪಟ್ಟಿಯಲ್ಲಿ 1366 ಇರುವುದಿಲ್ಲ, 1360×768 ಇರುತ್ತದೆ. ಇಡಿಐಡಿಯ ಮಾಮೂಲಿ ಪಟ್ಟಿಯಲ್ಲಿ ಅಡ್ಡಗಲ 8ರಿಂದ ಭಾಗ ಹೋಗುವ ಅಂಕಿಯೇ ಆಗಿರಬೇಕು. 1366 ಹೋಗುವುದಿಲ್ಲ, 1360 ಹೋಗುತ್ತದೆ. ಅದನ್ನೇ ಆರಿಸಿ, ಆಮೇಲೆ ಮಾನಿಟರ್‌ನ ಆಟೋ ಬಟನ್ ಒತ್ತಿ. ಆರು ಚುಕ್ಕಿಯ ವ್ಯತ್ಯಾಸ, ಕಣ್ಣಿಗೆ ಬಹುತೇಕ ಗೊತ್ತಾಗಲ್ಲ.

ಪಟ್ಟಿಯಲ್ಲಿ ಕಾಣದ ಮೋಡ್ ಒಳಗೆ ಅಡಗಿರುವುದೂ ಉಂಟು. ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಪ್ರಾಪರ್ಟೀಸ್ ಒತ್ತಿ, ಲಿಸ್ಟ್ ಆಲ್ ಮೋಡ್ಸ್ ತೆರೆದು ನೋಡಿ.

ಹಾಗೇ ಸಿಪಿಯು ಹಿಂದೆ ಒಮ್ಮೆ ಬಗ್ಗಿ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡು ಹಾಕಿಸಿದ್ದರೆ ಮಾನಿಟರ್ ಕೇಬಲ್ ಕೆಳಗಿನ ಕಾರ್ಡಿಗೆ ಹೋಗಿರಬೇಕು. ಧೂಳು ಹೊಡೆಯಲು ಬಿಚ್ಚಿದವರು ವಾಪಸ್ ಹಾಕುವಾಗ ಮೇಲಿನ ಮದರ್‌ಬೋರ್ಡ್ ತೂತಿಗೆ ಸಿಕ್ಕಿಸಿರುತ್ತಾರೆ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದು, ನಾಲ್ಕೂ ಅಂಚು ಕತ್ತರಿಸಿ ಟಾಸ್ಕ್‌ಬಾರ್ ಅರ್ಧ ಕಾಣುತ್ತಿದ್ದರೆ ವಿಂಡೋಸ್ ಮುಟ್ಟಬೇಡಿ. ಟಿವಿ ರಿಮೋಟ್ ತಗೊಂಡು ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಅಂತ ಹುಡುಕಿ.

ಎಲ್ಲಾ ಸರಿ ಇದೆ, ಆದರೂ ದೊಡ್ಡದು ಅಥವಾ ಮಸುಕು

ಇದು ಸುಲಭ. ಡಿಸ್‌ಪ್ಲೇ ಪುಟದಲ್ಲೇ ಸ್ಕೇಲ್ ಇದೆ. ರೆಸಲ್ಯೂಶನ್ ಅಂದರೆ ಎಷ್ಟು ಚುಕ್ಕಿ ಅಂತ, ಸ್ಕೇಲ್ ಅಂದರೆ ಅಷ್ಟು ಚುಕ್ಕಿಯಲ್ಲಿ ಅಕ್ಷರ ಎಷ್ಟು ದೊಡ್ಡದಾಗಿರಬೇಕು ಅಂತ. ಅಪ್‌ಗ್ರೇಡ್ ಆದ ಮೇಲೆ 100 ಇದ್ದದ್ದು 125 ಅಥವಾ 150 ಆಗಿರಬಹುದು, 100ಕ್ಕೆ ತನ್ನಿ. ಕಸ್ಟಮ್ ಸ್ಕೇಲ್ ಹಾಕಲಾಗಿದೆ ಅಂತ ಬರೆದು ಪಟ್ಟಿ ಬದಲಾಗದೇ ಇದ್ದರೆ, ಅಲ್ಲೇ ಇರುವ ಟರ್ನ್ ಆಫ್ ಒತ್ತಿ ಸೈನ್ ಔಟ್ ಆಗಿ ಬನ್ನಿ.

ವಯಸ್ಸಾದವರು ಕೂರುವ ಮಿಷಿನ್‌ನಲ್ಲಿ ಅಕ್ಷರ ದೊಡ್ಡದು ಬೇಕು ಅಂತ ರೆಸಲ್ಯೂಶನ್ ಇಳಿಸುವವರಿದ್ದಾರೆ. ಅದು ಬೇಡ. ರೆಸಲ್ಯೂಶನ್ ಪೂರ್ತಿ ಇಟ್ಟು ಸ್ಕೇಲ್ 125 ಮಾಡಿಕೊಡಿ, ಅಕ್ಷರ ದೊಡ್ಡದೂ ಆಗುತ್ತದೆ, ಸ್ಪಷ್ಟವಾಗಿಯೂ ಇರುತ್ತದೆ.

ಯಾವುದೋ ಒಂದೇ ಹಳೆಯ ಸಾಫ್ಟ್‌ವೇರ್ ಮಾತ್ರ ಮಸುಕಾಗಿ, ಉಳಿದದ್ದೆಲ್ಲ ಚೆನ್ನಾಗಿದ್ದರೆ ಆ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗಿನ ಓವರ್‌ರೈಡ್ ಟಿಕ್ ಮಾಡಿ ಅಪ್ಲಿಕೇಶನ್ ಅಂತ ಆರಿಸಿ. ಮೆನು ತೀರಾ ಸಣ್ಣದಾದರೆ ಸಿಸ್ಟಮ್ ಎನ್‌ಹ್ಯಾನ್ಸ್ಡ್ ಆರಿಸಿ ನೋಡಿ. ಅಕ್ಷರದ ಅಂಚು ಇನ್ನೂ ಒರಟಾಗಿದ್ದರೆ ಸ್ಟಾರ್ಟ್‌ನಲ್ಲಿ ಕ್ಲಿಯರ್‌ಟೈಪ್ ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ಕಣ್ಣಿಗೆ ಹಿತವಾದದ್ದು ಆರಿಸುತ್ತಾ ಹೋಗಿ.

ಸ್ಕ್ರೀನೇ ಬರುತ್ತಿಲ್ಲ

ರೆಸಲ್ಯೂಶನ್ ಬದಲಿಸಿದ ಕೂಡಲೇ ಕಪ್ಪಾಗಿ "ಔಟ್ ಆಫ್ ರೇಂಜ್" ಬಂದರೆ ಏನೂ ಮುಟ್ಟದೆ 15 ಸೆಕೆಂಡ್ ಕಾಯಿರಿ. ಕೀಪ್ ಚೇಂಜಸ್ ಒತ್ತದಿದ್ದರೆ ಹಳೆಯದಕ್ಕೆ ತಾನೇ ವಾಪಸ್ ಬರುತ್ತದೆ.

ಬರಲಿಲ್ಲ ಅಂದರೆ ಲಾಗಿನ್ ಪುಟದಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಬೇಕು. ಲಾಗಿನ್ನೂ ಕಾಣದಿದ್ದರೆ ವಿಂಡೋಸ್ ಲೋಡ್ ಆಗುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪುಟ ತಾನೇ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಬಂದ ಪಟ್ಟಿಯಲ್ಲಿ 3 ಒತ್ತಿದರೆ ಕಡಿಮೆ ರೆಸಲ್ಯೂಶನ್, 4 ಒತ್ತಿದರೆ ಸೇಫ್ ಮೋಡ್. ಒಳಗೆ ಹೋದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್ ಡ್ರೈವರ್. ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಅಂತ, ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ.

ಎಚ್ಚರ: ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಬಿದ್ದಿರಬಹುದು, ಸೇಫ್ ಮೋಡ್‌ಗೆ ಹೋಗುವಾಗ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. 48 ಅಂಕಿಯ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ, ಆಮೇಲೆ ಪರದಾಡಬೇಡಿ.

ಏನು ಮಾಡಿದರೂ ಆಗಲಿಲ್ಲ

ಅಪ್‌ಗ್ರೇಡ್ ಆಗಿ 10 ದಿನದೊಳಗಿದ್ದರೆ ಸಿಸ್ಟಮ್, ರಿಕವರಿ, ಗೋ ಬ್ಯಾಕ್ ಒತ್ತಿ ವಿಂಡೋಸ್ 10ಕ್ಕೆ ವಾಪಸ್ ಹೋಗಬಹುದು. ಫೈಲ್‌ಗಳು ಹಾಗೇ ಇರುತ್ತವೆ, ಆದರೂ ಲೆಕ್ಕದ ಡೇಟಾ ಪೆನ್‌ಡ್ರೈವ್‌ಗೆ ಹಾಕಿಕೊಂಡೇ ಮಾಡಿ. ಜಾಗ ಸಾಲದು ಅಂತ ಡಿಸ್ಕ್ ಕ್ಲೀನಪ್ ಮಾಡಿ ಹಳೆ ವಿಂಡೋಸ್ ಫೋಲ್ಡರ್ ಅಳಿಸಿದ್ದರೆ ಈ ದಾರಿ ಮುಚ್ಚಿದಂತೆಯೇ. ಹಳೆಯ ಮಿಷಿನ್‌ನವರಿಗೆ ನನ್ನ ಸಲಹೆ ವಾಪಸ್ ಹೋಗುವುದೇ. ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟ್ ಮುಂದುವರಿಸುವ ಯೋಜನೆ ಇದೆ, ಅದಕ್ಕೆ ಸೇರಿಕೊಳ್ಳಿ.

ಸರಿಹೋದ ಮೇಲೆ ಕೆಲಸ ಮಾಡಿದ ಡ್ರೈವರ್ ಫೈಲನ್ನು ಡಿ ಡ್ರೈವ್‌ನಲ್ಲೂ ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಮುಂದೊಂದು ಅಪ್‌ಡೇಟ್‌ನಲ್ಲಿ ವಿಂಡೋಸ್ ಅದರ ಮೇಲೆ ಬೇರೆಯದನ್ನು ಹಾಕಬಹುದು. ಪದೇ ಪದೇ ಹಾಗಾದರೆ ಸ್ಟಾರ್ಟ್‌ನಲ್ಲಿ ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್ ಹುಡುಕಿ ನೋ ಅಂತ ಕೊಡಿ.

ಡ್ರೈವರ್ ಒರೆಸಿ ಹಾಕಿದ ಮೇಲೂ, ವಿಂಡೋಸ್ 10ಕ್ಕೆ ವಾಪಸ್ ಹೋದ ಮೇಲೂ ಕೋಡ್ 43 ಬರುತ್ತಲೇ ಇದ್ದರೆ ಆಗ ಕಾರ್ಡು ಅಥವಾ ಬೋರ್ಡು ತೋರಿಸುವ ಹೊತ್ತು. ಅಂಗಡಿಗೆ ಹೋದಾಗ ಮೊದಲು ಹೊಡೆದುಕೊಂಡ ಫೋಟೋ, ಹಾರ್ಡ್‌ವೇರ್ ಐಡಿ, ಮಾನಿಟರ್ ಮಾಡೆಲ್ ಮೂರನ್ನೂ ಕೊಡಿ, ಏನೇನು ಮಾಡಿ ನೋಡಿದ್ದೀರಿ ಅಂತ ಹೇಳಿ. ಇಷ್ಟು ಹೇಳಿದ ಮೇಲೂ "ಫಾರ್ಮ್ಯಾಟ್ ಮಾಡೋಣ ಬಿಡ್ರಿ" ಅಂದರೆ ಸಿಪಿಯು ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋಗಿ.